ನನ್ನ ಕಥೆಯಲ್ಲದ ಕಥೆಗಳು

ಕಾಲೇಜುಗಳಿಂದ ಆಗಾಗ ನನಗೆ ಫೋನ್ ಬರುತ್ತದೆ. ಮಹಿಳಾ ದಿನಾಚರಣೆಯೋ ಮಾನವ ಹಕ್ಕುಗಳ ದಿನವೋ ಎನ್‌ಎಸ್‌ಎಸ್ ಶಿಬಿರವೋ ಏನಾದರೊಂದು ಇರುತ್ತದೆ. ಕರೆಯುವವರು ಒಳ್ಳೆಯ ಮನಸ್ಸಿನಿಂದಲೇ ಕರೆಯುತ್ತಾರೆ. ‘ಮೇಡಂ, ನೀವು ಬಂದು ನಿಮ್ಮ ಜೀವನದ ಕಥೆ ಹೇಳ್ಬೇಕು. ನಮ್ಮ ಮಕ್ಕಳಿಗೂ ಗೊತ್ತಾಗ್ಲಿ’ ಎನ್ನುತ್ತಾರೆ. ಒಮ್ಮೆ ಹಾಗೆ ಕೇಳಿದ ಮೇಷ್ಟ್ರಿಗೆ, ‘ತ್ರಿವೇಣಿಯವರ ಶರಪಂಜರದ ಬಗ್ಗೆ ಮಾತಾಡ್ಲಾ ಸಾರ್?’ ಎಂದೆ. ಅವರು ತಡವರಿಸಿದರು. ‘ಅದನ್ನ ನಮ್ಮ ಕನ್ನಡ ವಿಭಾಗದವರು ನೋಡ್ಕೊಂತಾರೆ ಮೇಡಂ. ನೀವು ನಿಮ್ಮ ಅನುಭವ ಹೇಳಿದ್ರೆ ಸಾಕು’ ಎಂದರು.

ಯಾವ ಅನುಭವ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಮನೆ ಬಿಟ್ಟ ದಿನ, ತಿಂದ ಏಟು, ಅಂಗಡಿ ಅಂಗಡಿ ಮುಂದೆ ಚಪ್ಪಾಳೆ ತಟ್ಟಿ ಕೈಯೊಡ್ಡಿದ್ದು, ರಾತ್ರಿಯ ಹೆದ್ದಾರಿ, ಆಪರೇಷನ್. ಹೇಳುತ್ತ ಹೋದಂತೆ ಮುಂದಿನ ಸಾಲಿನ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಾರೆ. ಕೊನೆಗೆ ಶಾಲು, ಹಾರ, ಫೋಟೊ. ಆ ಮಕ್ಕಳ ಕಣ್ಣೀರು ಸುಳ್ಳಲ್ಲ, ಅದನ್ನು ಹಗುರ ಮಾಡಿ ಮಾತಾಡಲು ನನಗೆ ಮನಸ್ಸಿಲ್ಲ. ಆದರೆ ಪ್ರತಿ ಸಲವೂ ವೇದಿಕೆ ಇಳಿದು ಬರುವಾಗ, ಮನೆ ಬಿಟ್ಟ ವಯಸ್ಸಿನಲ್ಲೇ ನನ್ನನ್ನು ಯಾರೋ ತಡೆದು ನಿಲ್ಲಿಸಿದ್ದಾರೆ ಅನ್ನಿಸುತ್ತದೆ. ಆಮೇಲೆ ನಾನು ಏನೇನು ಓದಿದೆ, ಯಾವ ಪುಸ್ತಕ ನನ್ನ ನಿದ್ದೆ ಕೆಡಿಸಿತು, ಯಾವ ಸಾಲಿಗೆ ಒಬ್ಬಳೇ ನಕ್ಕೆ ಎಂದು ಯಾರೂ ಕೇಳುವುದಿಲ್ಲ. ನಮ್ಮಂಥವರಿಂದ ಎಲ್ಲರಿಗೂ ಬೇಕಿರುವುದು ಆತ್ಮಕಥೆ. ನಾನು ಬರೆಯಬೇಕೆಂದಿರುವುದು ಲಲಿತ ಪ್ರಬಂಧ.

ದಾವಣಗೆರೆಯ ಒಂದು ಸಣ್ಣ ಡಿಟಿಪಿ ಅಂಗಡಿಯಲ್ಲಿ ನನಗೆ ಕೆಲಸ. ದಿನವಿಡೀ ನುಡಿ ತಂತ್ರಾಂಶದಲ್ಲಿ ಟೈಪು ಮಾಡುತ್ತೇನೆ. ಬಾಡಿಗೆ ಕರಾರು ಪತ್ರ, ಬಿ.ಇಡಿ. ಮಕ್ಕಳ ಪ್ರಾಜೆಕ್ಟು, ಸಂಘದ ವಾರ್ಷಿಕ ವರದಿ, ಲಗ್ನಪತ್ರಿಕೆ, ತಿಥಿ ಕಾರ್ಡು. ಮಾಘ, ಫಾಲ್ಗುಣ ಬಂತೆಂದರೆ ಊಟಕ್ಕೂ ಪುರಸೊತ್ತಿಲ್ಲ. ಲಗ್ನಪತ್ರಿಕೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಕೊಡುವುದು ‘ಸುಖಾಗಮನ ಬಯಸುವವರು’ ಎಂಬ ಭಾಗ. ದೊಡ್ಡಪ್ಪನ ಹೆಸರು ಮೇಲೆ ಬರಬೇಕೋ ಸೋದರಮಾವನದೋ, ತೀರಿಕೊಂಡ ಅಜ್ಜನ ಹೆಸರಿನ ಹಿಂದೆ ‘ದಿ.’ ಹಾಕಿದ್ದೀಯೋ ಇಲ್ಲವೋ ಎಂದು ಅಂಗಡಿಯಲ್ಲೇ ನಿಂತು ವಾದ ಮಾಡುತ್ತಾರೆ. ಒಮ್ಮೊಮ್ಮೆ ಯಾರೋ ಒಬ್ಬರು ಮಾನಿಟರಿನ ಹತ್ತಿರ ಬಗ್ಗಿ, ‘ಇದೊಂದು ಹೆಸರು ಬ್ಯಾಡ, ತೆಗೀರಿ’ ಎಂದು ಮೆಲ್ಲಗೆ ಹೇಳುತ್ತಾರೆ. ನಾನು ತೆಗೆಯುತ್ತೇನೆ. ಅದು ಯಾರ ಹೆಸರೋ, ಯಾಕೆ ತೆಗೆಸಿದರೋ ನಾನು ಕೇಳುವುದಿಲ್ಲ. ಬೇರೆ ಜಾತಿಯವರನ್ನು ಮದುವೆಯಾದ ಮಗಳಿರಬಹುದು, ಆಸ್ತಿ ಜಗಳದ ತಮ್ಮನಿರಬಹುದು. ನನ್ನಂಥವಳೂ ಇರಬಹುದು. ಕಥೆ ಬರೆಯುವವರಿಗೆ ಈ ಕೆಲಸಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ ಎಂದೇ ನಾನು ತಿಳಿದಿದ್ದೇನೆ.

ಓದು ನನಗೆ ಮೊದಲು ಕಿವಿಯಿಂದ ಬಂತು. ನನ್ನ ಅಜ್ಜಿಯ ಊರು ಹರಪನಹಳ್ಳಿ ಕಡೆ, ಉಚ್ಚಂಗಿದುರ್ಗಕ್ಕೆ ಹತ್ತಿರ, ಮಳೆ ನಂಬಿ ಬಿತ್ತುವ ಸೀಮೆ. ಭರತ ಹುಣ್ಣಿಮೆಗೆ ಉಚ್ಚೆಂಗಮ್ಮನ ಗುಡ್ಡಕ್ಕೆ ಜನ ಹರಿದು ಹೋಗುತ್ತಿದ್ದರು. ಸೀರೆಯುಟ್ಟು, ಅರಿಶಿನ ಕುಂಕುಮ ಬಳಿದುಕೊಂಡು, ಪಡ್ಲಿಗೆ ಬುಟ್ಟಿ ಹಿಡಿದ, ದೇವಿಗೆ ಬಿಟ್ಟ ಜೋಗಪ್ಪಗಳನ್ನು ನಾನು ಮೊದಲು ಕಂಡದ್ದು ಆ ದಾರಿಯಲ್ಲೇ. ಅಜ್ಜಿ ಅವರ ಕಾಲಿಗೆ ಬಿದ್ದು ಪಡ್ಲಿಗೆಗೆ ಜೋಳ ಹಾಕುತ್ತಿದ್ದಳು. ಮಳೆ ಕೈಕೊಟ್ಟ ವರ್ಷ ಊರ ಗುಡಿಯಲ್ಲಿ ಕುಮಾರವ್ಯಾಸ ಭಾರತದ ವಿರಾಟಪರ್ವ ಓದಿಸುತ್ತಿದ್ದರು. ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆ ಎಂಬುದು ಕನ್ನಡ ನಾಡಿನ ಬಹಳ ಊರುಗಳ ನಂಬಿಕೆ. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಕಂಬಕ್ಕೆ ಒರಗಿ ನಾನು ಬೃಹನ್ನಳೆಯ ಭಾಗ ಬರುವುದನ್ನೇ ಕಾಯುತ್ತಿದ್ದೆ.

ಊರ್ವಶಿಯ ಶಾಪ ಅರ್ಜುನನಿಗೆ ಅಜ್ಞಾತವಾಸದಲ್ಲಿ ಉಪಯೋಗಕ್ಕೆ ಬಂದದ್ದು, ವಿರಾಟನ ಅಂತಃಪುರದಲ್ಲಿ ಅವನು ಉತ್ತರೆಗೆ ನಾಟ್ಯ ಕಲಿಸಿದ್ದು, ಹೆಂಗಸರ ಮುಂದೆ ಕೊಚ್ಚಿಕೊಂಡ ಉತ್ತರಕುಮಾರನನ್ನು ರಥದಲ್ಲಿ ಕೂರಿಸಿಕೊಂಡು ಹೊರಟಿದ್ದು, ಬನ್ನಿಮರದಿಂದ ಆಯುಧ ಇಳಿಸಿದ್ದು, ಎಲ್ಲ ನನಗೆ ಬಾಯಿಪಾಠ. ಬೇರೆ ಮಕ್ಕಳಿಗೆ ಇಷ್ಟವಾದದ್ದು ಗಾಂಡೀವ ಕೈಗೆ ಬಂದ ಮೇಲಿನ ಕಾಳಗ. ನನಗೆ ಅಲ್ಲಿಂದ ಮುಂದೆ ಮನಸ್ಸು ಮುದುಡುತ್ತಿತ್ತು. ವರ್ಷ ಮುಗಿಯಿತು, ಶಾಪ ಕಳೆಯಿತು, ಅರ್ಜುನ ಸೀರೆ ಬಿಚ್ಚಿಟ್ಟು ಅರ್ಜುನನಾದ. ಊರಿಗೆ ಊರೇ ಸಮಾಧಾನದ ಉಸಿರು ಬಿಡುತ್ತಿತ್ತು. ಆ ವರ್ಷ ಮುಗಿಯಬಾರದಿತ್ತು ಎಂದು ಬಯಸಿದವನು ಆ ಗುಡಿಯಲ್ಲಿ ನಾನೊಬ್ಬನೇ ಇದ್ದೆ ಅನ್ನಿಸುತ್ತದೆ. ಆಗ ನಾನು ಎಲ್ಲರ ಕಣ್ಣಿಗೆ ‘ಅವನು’. ನನ್ನೊಳಗಿನ ಮಾತು ಏನೆಂದು ನನಗೇ ಹೇಳಿಕೊಳ್ಳಲು ಬರುತ್ತಿರಲಿಲ್ಲ. ಬೃಹನ್ನಳೆ ನನ್ನ ಪರವಾಗಿ ಅರ್ಧ ಹೇಳಿದಳು, ಉಳಿದರ್ಧ ಹೇಳದೆ ಹೋದಳು.

ಹೈಸ್ಕೂಲಿಗೆ ದಾವಣಗೆರೆಗೆ ಬಂದ ಮೇಲೆ ಕಣ್ಣಿನ ಓದು ಹತ್ತಿತು. ಆಗ ಬಾಡಿಗೆಗೆ ಕಾದಂಬರಿ ಕೊಡುವ ಪುಟ್ಟ ಲೈಬ್ರರಿಗಳು ಇದ್ದವು. ಅಲ್ಲಿ ಹೆಂಗಸರು ಓದುವ ಪುಸ್ತಕಗಳ ಕಪಾಟು ಒಂದಿತ್ತು. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ. ‘ಅಕ್ಕನಿಗೆ ಬೇಕಂತೆ’ ಎಂದು ಹೇಳಿ ತರುತ್ತಿದ್ದೆ. ಶರಪಂಜರದ ಕಾವೇರಿ ನನ್ನ ಕೈಗೆ ಸಿಕ್ಕಿದ್ದು ಹಾಗೆ. ಆಕೆ ಮನಸ್ಸಿನ ಕಾಯಿಲೆಗೆ ಬಿದ್ದು ಆಸ್ಪತ್ರೆ ಸೇರಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರಿಗೆ ಆಕೆ ಗುಣವಾಗುವುದೇ ಇಲ್ಲ. ನಕ್ಕರೂ ಅನುಮಾನ, ಸಿಟ್ಟು ಮಾಡಿದರೂ ಅನುಮಾನ. ಯಾವ ಹೆಂಡತಿಗಾದರೂ ಬರುವ ಸಿಟ್ಟೇ ಇವಳಿಗೆ ಬಂದರೆ ಹಳೆಯ ರೋಗ ಮರುಕಳಿಸಿದ ಲಕ್ಷಣ. ಗಂಡ ಸತೀಶನ ನೋಟ, ಆಳುಕಾಳುಗಳ ಪಿಸುಮಾತು, ನೆರೆಯವರ ಎಚ್ಚರಿಕೆ ಎಲ್ಲ ಸೇರಿ ಅವಳನ್ನು ಮತ್ತೆ ಅದೇ ಆಸ್ಪತ್ರೆಗೆ ತಳ್ಳುತ್ತವೆ.

ತ್ರಿವೇಣಿ ಬದುಕಿದ್ದು 1928ರಿಂದ 1963ರವರೆಗೆ, ಮೂವತ್ತೈದೂ ತುಂಬಿರಲಿಲ್ಲ. ನನ್ನಂಥವಳೊಬ್ಬಳು ತಮ್ಮ ಪುಸ್ತಕವನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಾಳೆ ಎಂದು ಅವರು ನೆನೆಸಿರಲಾರರು. ಆದರೂ ನನಗೆ ಮುಂದೆ ಆಗಲಿರುವುದನ್ನೆಲ್ಲ ಆ ಕಾದಂಬರಿ ಮೊದಲೇ ತೋರಿಸಿತು. ಒಮ್ಮೆ ಮೈಗೆ ಒಂದು ಹೆಸರು ಅಂಟಿತೆಂದರೆ ನೀವು ಮಾಡಿದ್ದೆಲ್ಲ ಆ ಹೆಸರಿನ ಸಾಕ್ಷಿಯಾಗುತ್ತದೆ. ನಾನು ಬಸ್ಸಿನಲ್ಲಿ ಜೋರಾಗಿ ಮಾತಾಡಿದರೆ ‘ಅವರು ಹಂಗೇ’. ಸುಮ್ಮನೆ ಕೂತರೆ ‘ಪಾಪ, ಎಷ್ಟು ನೊಂದಿದಾರೋ’. ಚಿಲ್ಲರೆಗೆ ಕಂಡಕ್ಟರ್ ಜೊತೆ ಎಲ್ಲರೂ ಜಗಳ ಆಡುತ್ತಾರೆ. ನಾನು ಆಡಿದರೆ ಅದು ನನ್ನ ಕುಲದ ಜಗಳವಾಗುತ್ತದೆ. ಪುಟ್ಟಣ್ಣ ಕಣಗಾಲರು 1971ರಲ್ಲಿ ಮಾಡಿದ ಸಿನಿಮಾವನ್ನು, ಅದರಲ್ಲಿ ಕಲ್ಪನಾರನ್ನು, ನಾಡೆಲ್ಲ ಕೊಂಡಾಡಿತು. ನಾನೂ ಕೊಂಡಾಡುತ್ತೇನೆ. ಆದರೆ ಕಾವೇರಿ ನನಗೆ ಇವತ್ತಿಗೂ ಆ ಕಾಗದದವಳು, ಮುಖವಿಲ್ಲದವಳು. ಅದಕ್ಕೇ ಅವಳಿಗೆ ನನ್ನ ಮುಖ ಕೊಡಲು ಆಯಿತು.

ನಮ್ಮವರ ಪುಸ್ತಕಗಳು ಬಂದದ್ದು ಬಹಳ ಆಮೇಲೆ. ಎ. ರೇವತಿ ತಮಿಳುನಾಡಿನ ನಾಮಕ್ಕಲ್ ಕಡೆಯವರು, ಬೆಂಗಳೂರಿನಲ್ಲಿ ನಮ್ಮ ಸಮುದಾಯದ ಹಕ್ಕುಗಳಿಗಾಗಿ ದುಡಿದವರು. ಅವರ ಆತ್ಮಕಥೆ 2010ರಲ್ಲಿ ಇಂಗ್ಲಿಷಿನಲ್ಲಿ ಬಂತು, ಕನ್ನಡಕ್ಕೆ ದು. ಸರಸ್ವತಿ ಅದನ್ನು ‘ಬದುಕು ಬಯಲು’ ಎಂದು ತಂದರು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕ ಮಾಡಿ ಊರೂರಿಗೆ ಒಯ್ದಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಪುಸ್ತಕ ಕನ್ನಡಕ್ಕೆ ಬಂದು, ಅದನ್ನಾಧರಿಸಿ ಬಿ.ಎಸ್. ಲಿಂಗದೇವರು ‘ನಾನು ಅವನಲ್ಲ ಅವಳು’ ಸಿನಿಮಾ ಮಾಡಿದರು. ಅದರ ಪಾತ್ರಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2021ರ ಜೂನ್‌ನಲ್ಲಿ ಅಪಘಾತದಲ್ಲಿ ಅವರು ತೀರಿಕೊಂಡಾಗ ನಮ್ಮ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ.

ನಮ್ಮೂರಿಗೆ ಹತ್ತಿರದ ಪುಸ್ತಕವೆಂದರೆ ಮಂಜಮ್ಮ ಜೋಗತಿಯವರದು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು. ಮನೆಯವರೇ ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಮುತ್ತು ಕಟ್ಟಿಸಿ ಜೋಗಪ್ಪ ಮಾಡಿದರು. ಆಮೇಲೆ ಮನೆ ಇಲ್ಲ, ಊರಿಲ್ಲ. ಸಾಯಬೇಕು ಎಂಬಷ್ಟು ನೋವುಂಡು ಅಲೆಯುತ್ತಿದ್ದಾಗ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಒಬ್ಬ ತಂದೆ ಹಾಡುವುದನ್ನೂ ಅವನ ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನೂ ಕಂಡರು. ಕೈ ಮುಟ್ಟದೆ, ಕೊಡ ಅಲುಗಾಡದೆ. ಅದು ಜೋಗತಿ ನೃತ್ಯ. ಮಟ್ಟಿಕಲ್ ಬಸಪ್ಪ ಎಂಬ ಆ ತಂದೆಯ ಬಳಿಯೇ ಕಲಿತರು. ಆಮೇಲೆ ಹಗರಿಬೊಮ್ಮನಹಳ್ಳಿ ಕಡೆಯ ಕಾಳವ್ವ ಜೋಗತಿಯ ತಂಡ ಸೇರಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಗಿರಿ, 2021ರಲ್ಲಿ ಪದ್ಮಶ್ರೀ. ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವ ಮುಂಚೆ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದರಲ್ಲ, ಆ ವಿಡಿಯೊ ನೋಡದ ಮನೆಯಿರಲಿಲ್ಲ.

ಆ ಬಸ್ ನಿಲ್ದಾಣವನ್ನು ದಾಟಿಯೇ ನಾನು ದಿನಾ ಕೆಲಸಕ್ಕೆ ಹೋಗುವುದು. ಅಲ್ಲೊಂದು ಕಲ್ಲು ನೆಟ್ಟು ಈ ಸಂಗತಿ ಕೆತ್ತಿಸಬೇಕು ಎಂದು ನನಗೆ ಬಹಳ ಆಸೆ. ಎಷ್ಟೋ ದೊಡ್ಡವರು ಬಂದು ಭಾಷಣ ಮಾಡಿ ಹೋದ ಜಾಗಗಳಿಗೆ ಫಲಕಗಳಿವೆ. ಸಾಯಲು ಹೊರಟ ಜೀವವೊಂದು ಒಂದು ಕಲೆಯನ್ನು ಕಂಡು ತಿರುಗಿ ನಿಂತ ಜಾಗಕ್ಕೂ ಇರಲಿ.

ಮಂಜಮ್ಮನವರು ಹೇಳಿದ್ದನ್ನು ಅರುಣ್ ಜೋಳದಕೂಡ್ಲಿಗಿ ‘ನಡುವೆ ಸುಳಿವ ಹೆಣ್ಣು’ ಎಂದು ಬರಹಕ್ಕಿಳಿಸಿದರು. ನಮ್ಮ ಹೋರಾಟಗಾರ್ತಿ ಅಕ್ಕಯ್ ಪದ್ಮಶಾಲಿಯವರ ಪುಸ್ತಕವೂ ಅವರು ಹೇಳಿ ಇನ್ನೊಬ್ಬರು ಬರೆದದ್ದೇ. ಹೇಳುವ ಬಾಯಿ ನಮ್ಮದು, ಬರೆಯುವ ಕೈ ಇನ್ನೊಬ್ಬರದು. ಅದಕ್ಕೆ ಕಾರಣ ನಮ್ಮಲ್ಲಿ ಬುದ್ಧಿಯ ಕೊರತೆಯಲ್ಲ. ಶಾಲೆಯಿಂದ ನಮ್ಮನ್ನು ಮೊದಲು ಓಡಿಸುತ್ತಾರೆ, ಮನೆಯಿಂದ ಆಮೇಲೆ. 2011ರ ಜನಗಣತಿಯಲ್ಲಿ ಗಂಡು ಹೆಣ್ಣು ಎರಡೂ ಅಲ್ಲದ ಕಾಲಮ್ಮಿಗೆ ಸೇರಿದವರು ದೇಶದಲ್ಲಿ 4.88 ಲಕ್ಷ, ಕರ್ನಾಟಕದಲ್ಲಿ 20 ಸಾವಿರಕ್ಕೆ ತುಸು ಮೇಲೆ. ದೇಶದಲ್ಲಿ ಓದುಬರಹ ಬಲ್ಲವರು ಸುಮಾರು ಶೇ 73 ಇದ್ದರೆ ನಮ್ಮವರಲ್ಲಿ ಶೇ 56 ಮಾತ್ರ. ಆ ಬರೆದುಕೊಟ್ಟ ಕೈಗಳಿಗೆ ನಾನು ಋಣಿ. ಅವು ಇಲ್ಲದಿದ್ದರೆ ಈ ಬದುಕುಗಳು ಯಾರ ಕಪಾಟಿಗೂ ಬರುತ್ತಿರಲಿಲ್ಲ.

‘ನಡುವೆ ಸುಳಿವ ಹೆಣ್ಣು’ ಪುಸ್ತಕವನ್ನು ನಾನು ಹಳೆ ದಾವಣಗೆರೆಯಲ್ಲಿರುವ ನಮ್ಮ ಗುರುಗಳ ಮನೆಗೆ ಒಯ್ದೆ. ಮನೆ ಬಿಟ್ಟು ಬಂದ ನನಗೆ ಅನ್ನ ಹಾಕಿದ ಮನೆ ಅದು. ಅಲ್ಲಿರುವವರಲ್ಲಿ ಹೆಚ್ಚಿನವರಿಗೆ ಓದಲು ಬಾರದು. ರಾತ್ರಿ ಊಟವಾದ ಮೇಲೆ ನಾನು ಜೋರಾಗಿ ಓದುವುದು, ಅವರು ಕೇಳುವುದು. ಗುರು ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ಏಟು, ಅವಮಾನ, ಹಸಿವಿನ ಪುಟಗಳು ಬಂದಾಗ ಅತ್ತಾರು ಎಂದುಕೊಂಡಿದ್ದೆ. ಯಾರೂ ಅಳಲಿಲ್ಲ. ‘ಹ್ಞೂಂ, ಮುಂದಕ್ಕೆ ಹೋಗು’ ಎನ್ನುತ್ತಿದ್ದರು. ಗೊತ್ತಿರುವ ದಾರಿಯಲ್ಲಿ ನಿಂತು ನೋಡುವುದೇನಿದೆ? ಆದರೆ ಬಸ್ ನಿಲ್ದಾಣದ ಕೊಡದ ಕುಣಿತ ಬಂದಾಗ, ‘ಇನ್ನೊಂದ್ಸಲ ಓದವ್ವ’ ಎಂದರು. ಎಲ್ಲಮ್ಮನ ನಾಟಕದಲ್ಲಿ ಪಾತ್ರ ಮಾಡುವ ಭಾಗ ಬಂದಾಗ ಒಬ್ಬಳು ಎದ್ದು ನಿಂತು, ತಾನು ನೋಡಿದ ಆಟದ ಪರಶುರಾಮನ ಮಾತು ಒಪ್ಪಿಸಿದಳು. ಅವತ್ತು ಓದು ಅಲ್ಲಿಗೇ ನಿಂತಿತು, ಮಧ್ಯರಾತ್ರಿವರೆಗೆ ಹಾಡು.

ಪುಸ್ತಕ ಮುಗಿದ ಮೇಲೆ, ‘ಇನ್ನೇನೈತಿ ನಿನ್ನತ್ರ? ನಮ್ಮದಲ್ಲದ್ದು ಓದು’ ಎಂದು ಗುರು ಅಪ್ಪಣೆ ಮಾಡಿದರು. ನಾನು ಗೊರೂರರ ‘ಹಳ್ಳಿಯ ಚಿತ್ರಗಳು’ ಒಯ್ದೆ. ಹೇಮಾವತಿಯ ದಂಡೆಯ ಆ ಹಳ್ಳಿಗೂ ನಮಗೂ ಎಲ್ಲಿಂದೆಲ್ಲಿಗೆ? ಆದರೂ ಅವರು ನಕ್ಕ ನಗು ಪಕ್ಕದ ಮನೆಯವರನ್ನು ಎಬ್ಬಿಸಿತು. ಆ ಮನೆಯ ಅಜ್ಜಿ ಬಾಗಿಲಿಗೆ ಬಂದು, ‘ಏನ್ ನಡೆಸೀರೇ?’ ಎಂದು ಕೇಳಿ, ಆಮೇಲೆ ಹೊಸ್ತಿಲ ಮೇಲೇ ಕೂತು ಕೇಳಿದಳು. ಎಷ್ಟೋ ವರ್ಷದಿಂದ ನಮ್ಮ ಹೊಸ್ತಿಲ ಮೇಲೆ ಕೂರದಿದ್ದವಳು.

ನಾವು ಆತ್ಮಕಥೆಯಾಚೆಗೂ ಬರೆಯಬೇಕು ಎಂಬ ನನ್ನ ಮಾತಿಗೆ ಸಿಕ್ಕ ದೊಡ್ಡ ಆಧಾರ ಆ ಓದಿನ ರಾತ್ರಿಗಳು. ನೋವನ್ನು ನಿತ್ಯ ಉಣ್ಣುವವರು ನೋವಿನ ಕಥೆಯನ್ನೇ ಬೇಡುತ್ತಾರೆ ಎಂಬುದು ಹೊರಗಿನವರ ಊಹೆ. ಅವರಿಗೆ ಬೇಕಾದದ್ದು ಕುಣಿತ, ನಾಟಕ, ಬೇರೆ ಊರಿನ ಹೊಳೆ. ನಮ್ಮ ಆತ್ಮಕಥೆಗಳು ಬರಬೇಕಾದದ್ದೇ. ಕೋರ್ಟು ಕಚೇರಿಗಳ ಬಾಗಿಲು ತಟ್ಟಲು ಮೊದಲು ಸಾಕ್ಷಿ ಹೇಳಬೇಕು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಮ್ಮ ಲಿಂಗ ಯಾವುದೆಂದು ಹೇಳುವ ಹಕ್ಕು ನಮ್ಮದೇ ಎಂದು ತೀರ್ಪು ಕೊಟ್ಟಿದ್ದರ ಹಿಂದೆ, 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಯಲ್ಲಿ ನಮಗೆ ಶೇ 1ರ ಮೀಸಲಾತಿ ಇಟ್ಟಿದ್ದರ ಹಿಂದೆ, ಹಾಗೆ ಧೈರ್ಯ ಮಾಡಿ ಬಾಯಿಬಿಟ್ಟವರು ಇದ್ದಾರೆ. ಅವರು ನಮ್ಮ ಪಾಲಿನ ಸಾಕ್ಷಿಯನ್ನೆಲ್ಲ ಹೇಳಿಯಾಯಿತು. ಅವರ ಹಿಂದೆ ಬಂದ ನಾವು ಅದೇ ಸಾಕ್ಷಿಕಟ್ಟೆಯಲ್ಲಿ ನಿಂತೇ ಇರಬೇಕೆ?

ಲಲಿತ ಪ್ರಬಂಧಕ್ಕೆ ಒಂದು ಜಗಲಿ ಬೇಕು. ಎ.ಎನ್. ಮೂರ್ತಿರಾಯರು 1937ರಲ್ಲಿ ‘ಹಗಲುಗನಸುಗಳು’ ಎಂಬ ಪ್ರಬಂಧ ಸಂಕಲನ ತಂದರು. ಆ ಹೆಸರನ್ನೇ ನೋಡಿ. ಹಗಲಲ್ಲಿ ಕನಸು ಕಾಣಲು ಯಾರೂ ಎಬ್ಬಿಸದ, ಯಾರೂ ಅಟ್ಟದ ಒಂದು ಜಾಗ ಬೇಕು, ಒಂದಿಷ್ಟು ಹೊತ್ತು ಬೇಕು. ನಮ್ಮ ಅಕ್ಕತಂಗಿಯರನ್ನು ಯಾವ ಜಗಲಿಯೂ ಹಗಲಲ್ಲಿ ಕೂರಗೊಡಲಿಲ್ಲ. ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು. ಫೋನಿನಲ್ಲಿ ‘ಬರ್ರಿ ನೋಡ್ರಿ’ ಎಂದವರು ಮುಖ ಕಂಡ ಕೂಡಲೇ ‘ನಮ್ಮ ತಮ್ಮನೇ ಬರ್ತಾನಂತೆ’ ಎನ್ನುತ್ತಾರೆ. ಕೊನೆಗೆ ನನಗೆ ಮನೆ ಕೊಟ್ಟವರು ಒಬ್ಬ ವಿಧವೆ ತಾಯಿ. ಅವರು ಕೇಳಿದ್ದು ಎರಡೇ ಮಾತು: ನೀರು ಬಂದ ದಿನ ಅವರ ಡ್ರಮ್ಮನ್ನೂ ತುಂಬಿಸಬೇಕು, ರಾತ್ರಿ ಗೇಟಿಗೆ ಬೀಗ ಹಾಕಬೇಕು. ಆ ಮನೆಯ ಮುಂದೆ ಅಗಲ ಕಡಿಮೆಯ ಒಂದು ಕಟ್ಟೆ ಇದೆ. ನಾನು ಬರೆಯಲು ಶುರು ಮಾಡಿದ್ದು ಆ ಕಟ್ಟೆ ಸಿಕ್ಕ ಮೇಲೆ.

ಭಾನುವಾರ ಹರಿಹರಕ್ಕೆ ಹೋಗುತ್ತೇನೆ. ಪಿ.ಬಿ. ರಸ್ತೆಯಲ್ಲಿ ಅರ್ಧ ಗಂಟೆಯ ದಾರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರ ಜೊತೆ ನಮಗೂ ಸರ್ಕಾರಿ ಬಸ್ಸು ಉಚಿತ. ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಮೊತ್ತದ ಟಿಕೆಟು ಹರಿದು ಕೊಡುತ್ತಾರೆ. ಶುರುವಿನಲ್ಲಿ ಕಾರ್ಡನ್ನೂ ನನ್ನನ್ನೂ ತಿರುತಿರುಗಿ ನೋಡುತ್ತಿದ್ದರು. ಈಗ ನೋಡುವುದಿಲ್ಲ. ‘ಹರಿಹರಾನೇನಕ್ಕ?’ ಎಂದು ಕೇಳಿ ಮುಂದಕ್ಕೆ ಹೋಗುತ್ತಾರೆ. ಆ ಪುಟ್ಟ ಚೀಟಿಯನ್ನು ನಾನು ಓದುವ ಪುಸ್ತಕದಲ್ಲಿ ಗುರುತಿಗೆ ಇಡುತ್ತೇನೆ. ಜಿಲ್ಲಾಧಿಕಾರಿಗಳ ಕಚೇರಿಯಿಂದ ಸಿಗುವ ಗುರುತಿನ ಪತ್ರವೂ ನನ್ನ ಬಳಿ ಇದೆ. 2019ರ ಕಾಯ್ದೆ ಬಂದ ಮೇಲೆ ಸಿಗುವಂಥದ್ದು. ಅದು ಬೇಕಾದ ಕಾಗದ, ಜೋಪಾನವಾಗಿ ಇಟ್ಟಿದ್ದೇನೆ. ಆದರೆ ಕಂಡಕ್ಟರ್ ಕಣ್ಣು ನನ್ನ ಮೇಲೆ ನಿಲ್ಲದೆ ಮುಂದಿನ ಸೀಟಿಗೆ ಹೋದ ದಿನ ನನಗೆ ಆದ ನೆಮ್ಮದಿ ಆ ಕಾಗದ ಕೈಗೆ ಬಂದ ದಿನವೂ ಆಗಿರಲಿಲ್ಲ.

ಅವ್ವ ಹರಿಹರದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಆ ಮನೆಗೆ ನಾನು ಹೋಗುವಂತಿಲ್ಲ. ಹಾಗಾಗಿ ನಾವಿಬ್ಬರೂ ಹರಿಹರೇಶ್ವರನ ಗುಡಿಯಲ್ಲಿ ಸೇರುತ್ತೇವೆ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ. ತಿರುಗಣೆಯಲ್ಲಿ ಕಡೆದ ಮಂಟಪದ ಕಂಬಗಳು ಎಷ್ಟು ನುಣುಪೆಂದರೆ ಬಿಸಿಲಿಗೂ ತಣ್ಣಗಿರುತ್ತವೆ. ಅವ್ವ ಒಂದು ಕಂಬಕ್ಕೆ ಬೆನ್ನು ಕೊಟ್ಟು, ಸೆರಗಿನಡಿಯಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆಯುತ್ತಾಳೆ. ‘ಈ ವಾರ ಏನ್ ಓದಿದೆ ಮಗಾ?’ ಎನ್ನುತ್ತಾಳೆ. ಅವಳಿಗೆ ಅಕ್ಷರ ಬಾರದು. ನಾನು ಓದಿದ್ದರ ಕಥೆ ಹೇಳುತ್ತೇನೆ. ಕಾವೇರಿಯ ಕಥೆ ಹೇಳಿದಾಗ, ‘ಆ ಗಂಡಂದು ತಪ್ಪಿಲ್ಲೇನು?’ ಎಂದು ಕೇಳಿ ಬಹಳ ಹೊತ್ತು ಸುಮ್ಮನಿದ್ದಳು. ಗಂಡನ್ನು ಪ್ರೀತಿಸುವ ಗಂಡಿನ ಕಥೆಯಾದ ವಸುಧೇಂದ್ರರ ‘ಮೋಹನಸ್ವಾಮಿ’ ಹೇಳಿದಾಗ, ಅವನ ಅವ್ವ ಅವನಿಗೆ ಏನಂದಳು ಎಂಬುದೊಂದನ್ನೇ ಮತ್ತೆ ಮತ್ತೆ ಕೇಳಿದಳು. ಸಾಹಿತ್ಯ ವಿಮರ್ಶೆಯ ಪುಸ್ತಕಗಳನ್ನು ನಾನು ಓದಿದ್ದೇನೆ; ಈ ಪ್ರಶ್ನೆಗಳಷ್ಟು ನೇರವಾದ ಪ್ರಶ್ನೆಗಳು ಅಲ್ಲಿ ಅಪರೂಪ.

ಗರ್ಭಗುಡಿಯಲ್ಲಿರುವ ದೇವರು ಬಲಕ್ಕೆ ಹರ, ಎಡಕ್ಕೆ ಹರಿ. ಗುಹಾಸುರ ಎಂಬ ರಾಕ್ಷಸ ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದಿದ್ದನಂತೆ. ಅವನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಲ್ಲಿ ಬಂದರು ಎಂಬುದು ಸ್ಥಳಪುರಾಣ. ನನ್ನನ್ನು ವೇದಿಕೆಗೆ ಕರೆಯುವವರು ಈ ದೇವರನ್ನು ನೆನೆಯದೆ ಬಿಡುವುದಿಲ್ಲ. ಇಲ್ಲದಿದ್ದರೆ ಅರ್ಧನಾರೀಶ್ವರ. ಇಲ್ಲದಿದ್ದರೆ, ಮೈಯ ಗುರುತು ನೋಡಿ ಹೆಣ್ಣು ಗಂಡು ಅನ್ನುತ್ತೀರಿ, ಒಳಗಿರುವ ಆತ್ಮ ಎರಡೂ ಅಲ್ಲ ಎಂಬರ್ಥದ ಜೇಡರ ದಾಸಿಮಯ್ಯನ ವಚನ. ಮಂಜಮ್ಮನವರ ಪುಸ್ತಕದ ಹೆಸರಿಗೂ ಅದೇ ಮೂಲ. ನನಗೆ ಆ ವಚನದ ಮೇಲೆ ಅಪಾರ ಗೌರವ. ಅಷ್ಟು ಹಿಂದೆಯೇ ಒಬ್ಬ ನೇಕಾರ ಅಂಥ ಮಾತು ಆಡಿದ ಭಾಷೆ ನನ್ನದು ಎಂಬ ಹೆಮ್ಮೆಯೂ ಇದೆ. ಆದರೆ ನನ್ನ ಮಟ್ಟಿಗೆ ಅದು ಪೂರ್ತಿ ಹೊಂದುವುದಿಲ್ಲ. ಆತ್ಮಕ್ಕೆ ಗಂಡು ಹೆಣ್ಣು ಇಲ್ಲದಿರಬಹುದು. ನಾನು ಇಷ್ಟು ಕಷ್ಟಪಟ್ಟು ಕಾಪಾಡಿಕೊಂಡದ್ದು ಹೆಣ್ಣಾದ ನನ್ನನ್ನು. ನಾನು ಎರಡು ಅರ್ಧಗಳನ್ನು ಸೇರಿಸಿ ಮಾಡಿದವಳಲ್ಲ. ರಾಕ್ಷಸನನ್ನು ಕೊಲ್ಲುವ ಕೆಲಸವೂ ನನಗಿಲ್ಲ. ದೇವರಾಗಿ ಪೂಜೆಗೊಳ್ಳುವುದಕ್ಕೂ ಬೀದಿಯಲ್ಲಿ ಅಟ್ಟಿಸಿಕೊಳ್ಳುವುದಕ್ಕೂ ನಡುವೆ ಬಹಳ ದೊಡ್ಡ ಬಯಲಿದೆ. ಉಳಿದವರೆಲ್ಲ ಅಲ್ಲೇ ಮನೆ ಮಾಡಿ, ಸಂತೆ ಮಾಡಿ, ಜಗಳ ಮಾಡಿ ಬದುಕುತ್ತಾರೆ. ನನಗೂ ಅಲ್ಲೇ ಜಾಗ ಬೇಕು.

ಇಂಥ ಆಸೆಯಿಂದಲೇ ನಾನು ಮಂಡಕ್ಕಿಯ ಬಗ್ಗೆ ಒಂದು ಪ್ರಬಂಧ ಬರೆಯಲು ಕೂತೆ. ದಾವಣಗೆರೆ ಎಂದರೆ ಹೊರಗಿನವರಿಗೆ ಬೆಣ್ಣೆ ದೋಸೆ. ನಮಗೆ ಮಂಡಕ್ಕಿ ಮೆಣಸಿನಕಾಯಿ. ಸಂಜೆಯಾದರೆ ಬಂಡಿಗಳ ಮುಂದೆ ಮಿಲ್ಲಿನ ನಿವೃತ್ತ ಕೆಲಸಗಾರ, ಮೆಡಿಕಲ್ ಓದುವ ಹುಡುಗಿ, ದಲಾಲಿ ಮಂಡಿಯ ಸಾಹುಕಾರ, ಹಮಾಲ ಎಲ್ಲರೂ ಒಂದೇ ಥರದ ಕಾಗದದ ಪೊಟ್ಟಣ ಹಿಡಿದು ನಿಲ್ಲುತ್ತಾರೆ. ಬೆಳ್ಳುಳ್ಳಿ, ಹಸಿಮೆಣಸು, ಅರಿಶಿನದ ಒಗ್ಗರಣೆ ಹಾಕಿದ ಖಾರ ಮಂಡಕ್ಕಿ ಒಂದು ಬಗೆ. ನೀರಲ್ಲಿ ತೋಯಿಸಿ ಹಿಂಡಿ, ಈರುಳ್ಳಿ ಟೊಮೆಟೊ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದ ಒಗ್ಗರಣೆ ಮಂಡಕ್ಕಿ ಇನ್ನೊಂದು. ನರ್ಗಿಸ್ ಮಂಡಕ್ಕಿ ಎಂಬ ಗರಿಗರಿಯದು ಮತ್ತೊಂದು. ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಜೊತೆ ಮಂಡಕ್ಕಿ, ಉರುಸಿನಲ್ಲಿ ಸಕ್ಕರೆಯ ಜೊತೆ ಮಂಡಕ್ಕಿ, ಹೆಣ ಒಯ್ಯುವಾಗ ದಾರಿಯುದ್ದಕ್ಕೆ ಎರಚುವುದೂ ಮಂಡಕ್ಕಿ. ಜಾತ್ರೆ, ಉರುಸು, ಸಾವು, ಎಲ್ಲ ಕಡೆ ಹೋಗುವ ಇಷ್ಟು ಹಗುರವಾದ ಪದಾರ್ಥ ನನಗೆ ಬೇರೆ ಗೊತ್ತಿಲ್ಲ. ನಾವು ಅಂಗಡಿ ಕೇಳಲು ಹೋದಾಗ ದುಡ್ಡಿಲ್ಲದವರು ನಮ್ಮ ಸೆರಗಿಗೆ ಸುರಿಯುತ್ತಿದ್ದುದೂ ಅದನ್ನೇ. ಅಷ್ಟು ಮಾತ್ರ ನನ್ನ ಕಥೆ ಆ ಪ್ರಬಂಧದಲ್ಲಿ ಬರುತ್ತದೆ, ಒಂದು ವಾಕ್ಯದಲ್ಲಿ.

ಬರೆಯುವ ಮುಂಚೆ ಭಟ್ಟಿ ನೋಡಬೇಕೆಂದು ಹೋದೆ. ಮಂಡಕ್ಕಿ ಭಟ್ಟಿಗಳಿರುವ ಓಣಿಯಲ್ಲಿ ಹೊಟ್ಟಿನ ಹೊಗೆ, ಬೆಳಗಿನ ಜಾವಕ್ಕೇ ಎದ್ದು ದುಡಿಯುವ ಜನ. ಭತ್ತ ನೆನೆಹಾಕಿ ಬೇಯಿಸಿ ಒಣಗಿಸುತ್ತಾರೆ. ಗಿರಣಿಯಲ್ಲಿ ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರು ಹಿಡಿಸುತ್ತಾರೆ. ಕಾದ ಮರಳಿಗೆ ಹಿಡಿಯಷ್ಟು ಅಕ್ಕಿ ಸುರಿದು ಕೈಯಾಡಿಸುತ್ತಿದ್ದಂತೆ ಅದು ಬುಸ್ಸನೆ ಅರಳುತ್ತದೆ, ಜರಡಿಗೆ ಬಿದ್ದು ಮರಳು ಕೆಳಗಿಳಿಯುತ್ತದೆ. ಒಲೆಯ ಮುಂದೆ ಕೂತಿದ್ದ ಹಿರಿಯ ಹೆಂಗಸು ನನ್ನ ಕೈಯಲ್ಲಿದ್ದ ನೋಟುಬುಕ್ಕು ನೋಡಿ, ‘ಏನ್ ಬರೀತಿ ಬೇಟಿ, ನಿನ್ನ ಕಥೇನಾ?’ ಎಂದಳು.

‘ಇಲ್ಲಮ್ಮ. ಮಂಡಕ್ಕೀದು.’

ಆಕೆ ಕೈಯಲ್ಲಿದ್ದ ಜರಡಿ ಕೆಳಗಿಟ್ಟಳು. ‘ಹಂಗಾರೆ ಉಪ್ಪಿಂದು ಸರಿಯಾಗಿ ಬರಿ. ಎಲ್ಲರೂ ಬೆಂಕೀದೇ ಬರಕೊಂಡು ಹೋಗ್ತಾರೆ. ಉಪ್ಪುನೀರು ಅಕ್ಕಿಗೆ ಒಳತನಕ ಹೋಗ್ಬೇಕು. ಮೇಲಿಂದ ಮೇಲೆ ಚಿಮುಕಿಸಿದ್ರೆ ಹಲ್ಲಿಗೆ ಗಟ್ಟಿ ಸಿಗ್ತದೆ’ ಎಂದು ಹೇಳಿ, ತೋಯಿಸಿಟ್ಟ ಅಕ್ಕಿಯಲ್ಲಿ ನಾಲ್ಕು ಕಾಳು ನನ್ನ ಅಂಗೈಗೆ ಹಾಕಿ, ಕಚ್ಚಿ ನೋಡಲು ಹೇಳಿದಳು. ನಾನು ಕಚ್ಚಿ ನೋಡಿ, ಕೂತು ಬರೆದುಕೊಂಡೆ.